ಒಂದು ಇಂಚು ಮಳೆಯ ಲೆಕ್ಕ

ಮಲೆನಾಡಿನಲ್ಲಿ ನೀರಿಲ್ಲ ಎಂದರೆ ಬಯಲುಸೀಮೆಯವರು ನಗುತ್ತಾರೆ. ವರ್ಷಕ್ಕೆ ಎಂಬತ್ತು, ನೂರು ಇಂಚು ಮಳೆ ಹೊಯ್ಯುವ ಊರಿನವರ ಗೋಳು ಕೇಳಿದರೆ, ಇಪ್ಪತ್ತು ಇಂಚಿನಲ್ಲೇ ಬೆಳೆ ತೆಗೆದು ಬದುಕುವ ಚಳ್ಳಕೆರೆಯವರಿಗೆ ನಗು ಬಾರದೆ ಇನ್ನೇನು? ಆದರೆ ಕಾಫಿ ತೋಟದ ಲೆಕ್ಕವೇ ಬೇರೆ. ಅಲ್ಲಿ ಮಳೆಗಾಲದ ನೂರು ಇಂಚು ಒಂದು ತಕ್ಕಡಿಯಲ್ಲಾದರೆ, ಮಾರ್ಚ್ ತಿಂಗಳ ಆಸುಪಾಸಿನಲ್ಲಿ ಬೀಳಬೇಕಾದ ಒಂದು-ಒಂದೂವರೆ ಇಂಚು ಇನ್ನೊಂದು ತಕ್ಕಡಿಯಲ್ಲಿ. ಎರಡನೆಯದು ತಪ್ಪಿದರೆ ಮೊದಲನೆಯದು ಎಷ್ಟು ಸುರಿದರೂ ಅಷ್ಟೇ.

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆಯ ಹಳೆಯ ತೋಟದ ಮನೆಗಳಿಗೆ ಹೋದರೆ ಅಂಗಳದಲ್ಲಿ ಮಳೆ ಅಳೆಯುವ ಮಾಪಕ, ಒಳಗೆ ಅದರದೊಂದು ಪುಸ್ತಕ ಇರುವುದುಂಟು. ದೇಶ ಮಿಲಿಮೀಟರಿಗೆ ಬಂದು ಎಷ್ಟೋ ವರ್ಷಗಳಾದರೂ ಇವರದು ಇಂಚು-ಸೆಂಟುಗಳ ವ್ಯವಹಾರವೇ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್‌ನಲ್ಲಿ ಸಂಜೆ ಗುಡುಗು ಕೇಳಿತೆಂದರೆ ಫೋನುಗಳು ಬಡಿದುಕೊಳ್ಳುತ್ತವೆ. ‘ನಿಮ್ಮಲ್ಲಿ ಎಷ್ಟಾಯ್ತು?’ ‘ನಲವತ್ತು ಸೆಂಟು ಮಾರಾಯ್ರೆ, ಸಾಲದು.’ ಮದುವೆ ಮನೆಯ ಕುಶಲೋಪರಿಗೂ ಆ ದಿನಗಳಲ್ಲಿ ಇದಕ್ಕಿಂತ ದೊಡ್ಡ ವಿಷಯವಿಲ್ಲ.

ಯಾಕೆ ಸಾಲದು ಎಂಬುದು ಗಿಡದ ಸ್ವಭಾವದಲ್ಲಿದೆ. ಮಳೆಗಾಲ ಮುಗಿದ ಮೇಲೆ ಕಾಫಿ ರೆಕ್ಕೆಗಳ ಗೆಣ್ಣುಗಳಲ್ಲಿ ಮೊಗ್ಗು ಮೂಡಿ, ಅಕ್ಕಿಕಾಳಿನಷ್ಟಾಗಿ, ಚಳಿ ಮತ್ತು ಒಣಹವೆಗೆ ನಿದ್ದೆ ಹೋಗುತ್ತದೆ. ಈ ನಿದ್ದೆ ಬೇಕೇ ಬೇಕು. ಬೇಸಿಗೆಯ ಮೊದಲ ಭಾಗದ ಒಣಗು ಗಿಡಕ್ಕೆ ಶತ್ರುವಲ್ಲ. ಮೊಗ್ಗುಗಳೆಲ್ಲ ಒಟ್ಟಿಗೆ ಏಳುವುದಕ್ಕೆ ಅದೇ ಕಾರಣ. ಆಮೇಲೆ ಒಂದು ಒಳ್ಳೆಯ ಮಳೆ, ಅದೇ ಹೂಮಳೆ, ಬಿದ್ದ ಎಂಟು-ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ನಲವತ್ತು ಸೆಂಟಿನ ಮಳೆ ಬಂದು ನಿಂತುಹೋದರೆ ಮೊಗ್ಗು ಎಚ್ಚರವಾಗುತ್ತದೆ, ಆದರೆ ಏಳಲು ತ್ರಾಣವಿರುವುದಿಲ್ಲ. ಅರೆಬಿರಿದು, ಬಣ್ಣಗೆಟ್ಟು, ಅಲ್ಲೇ ಕರಟುತ್ತದೆ. ಪೂರಾ ಮಳೆ ಇಲ್ಲದಿರುವುದಕ್ಕಿಂತ ಅರೆಮಳೆಯೇ ಕೆಡುಕು ಎಂದು ಬೆಳೆಗಾರರು ಹೇಳುವುದು ಅದಕ್ಕೇ.

ಹೂವಾದರೆ ಮುಗಿಯಲಿಲ್ಲ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು. ರೊಬಸ್ಟಾ ಹಾಗಲ್ಲ, ಪಕ್ಕದ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಲ್ಲೋ ಬಂದೇ ಆಗಬೇಕು. ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಯಿತು. ಹೂ ಉದುರಿದ ಮೇಲೆ ಎರಡು-ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಇದನ್ನು ಕನ್ನಡದ ಬೆಳೆಗಾರರೂ ‘ಬ್ಯಾಕಿಂಗ್’ ಎಂದೇ ಕರೆಯುತ್ತಾರೆ. ಅದು ಬಾರದೆ ಬಿಸಿಲು ಏರಿದರೆ ಗುಂಡುಸೂಜಿಯ ತಲೆಯಷ್ಟಿದ್ದ ಕಾಯಿ ಕಪ್ಪಾಗಿ ಉದುರುತ್ತದೆ. ನಮ್ಮ ದೇಶದ ಕಾಫಿಯಲ್ಲಿ ಶೇ. ೭೦ರಷ್ಟು ಕರ್ನಾಟಕದ್ದು, ಬೆಳೆಯುವುದರಲ್ಲಿ ಬಹುಪಾಲು ರೊಬಸ್ಟಾ ಎಂಬುದನ್ನು ನೆನೆದರೆ ಈ ಎರಡು ಮಳೆಗಳ ಬೆಲೆ ತಿಳಿದೀತು.

೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಘೋಷಿಸಲಾಯಿತು. ಅದರ ಬಾಲವಾಗಿ ಬಂದ ೨೦೨೪ರ ಬೇಸಿಗೆಯಲ್ಲಿ ಕೊಡಗಿನ ತೊರೆಗಳು ಒಣಗಿ, ರೊಬಸ್ಟಾ ಗಿಡಗಳ ಎಲೆ ಜೋತುಬಿದ್ದವು. ಆ ವರ್ಷ ರೊಬಸ್ಟಾದ ಬೆಲೆ ಯಾರೂ ಕಂಡು ಕೇಳದಷ್ಟು ಏರಿತ್ತು ಎಂಬುದು ವಿಧಿಯ ಕುಹಕ. ಬೆಲೆ ಇದ್ದಾಗ ಬೆಳೆ ಇಲ್ಲ ಎಂಬ ಮಾತು ರೈತರ ಬಾಯಲ್ಲಿ ಹಳೆಯದೇ ತಾನೆ.

ಅರೇಬಿಕಾಕ್ಕೆ ಬಿಸಿಲಿನ ಏಟು ಇನ್ನೊಂದು ದಾರಿಯಲ್ಲಿ ಬರುತ್ತದೆ. ಬಿಳಿ ಕಾಂಡಕೊರಕ ಎಂಬ ದುಂಬಿಗೆ ಒಣಹವೆ, ಕಾಂಡದ ಮೇಲೆ ಬೀಳುವ ಬಿಸಿಲು ಎಂದರೆ ಪ್ರೀತಿ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಟ್ಟರೆ ಹುಳು ಒಳಗೇ ಸುರಂಗ ತೋಡಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಗಿಡ ಹಳದಿಯಾದಾಗ ಕಿತ್ತು ಸುಡುವುದೊಂದೇ ದಾರಿ. ಹಳಬರು ಅತ್ತಿ, ಹಲಸು, ನಂದಿ ಮರಗಳ ನೆರಳು ಉಳಿಸಿಕೊಂಡದ್ದು ಕಾಡಿನ ಮೇಲಿನ ಮೋಹಕ್ಕಷ್ಟೇ ಅಲ್ಲ. ಮಿತಿಮೀರಿ ಮರಗಸಿ ಮಾಡಿ, ಉಳಿದ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟು, ಆಮೇಲೆ ಬಿಸಿಲು ಜಾಸ್ತಿಯಾಯಿತು ಎಂದು ಆಕಾಶವನ್ನು ಬಯ್ಯುವವರೂ ನಮ್ಮಲ್ಲಿದ್ದಾರೆ.

ಬೇಡದ ಹೊತ್ತಿನ ಮಳೆಯೂ ಇಷ್ಟೇ ನಿರ್ದಯಿ. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ತೋಟಗಳ ಸಮೇತ ಜಾರಿದ್ದನ್ನು ಮರೆಯುವಂತಿಲ್ಲ. ಗುಡ್ಡ ಜಾರದ ಕಡೆಯೂ ಬೇರು ನೀರಲ್ಲಿ ನಿಂತು ಕಾಯಿ ಉದುರುತ್ತದೆ, ಕೊಳೆರೋಗ ಬರುತ್ತದೆ. ೨೦೨೧ರ ಜನವರಿಯಲ್ಲಿ ಮಳೆ ಬಂದಾಗ ಒಂದೇ ಗಿಡದಲ್ಲಿ ಹಣ್ಣು ಒಂದು ಕಡೆ, ಎದ್ದ ಮೊಗ್ಗು ಇನ್ನೊಂದು ಕಡೆ. ಹಣ್ಣು ಕುಯ್ಯಲು ಕೈ ಹಾಕಿದರೆ ಮುಂದಿನ ವರ್ಷದ ಫಸಲು ಕೆಳಗೆ ಬೀಳುತ್ತದೆ. ಕೈ ಹಾಕದಿದ್ದರೆ ಈ ವರ್ಷದ್ದು ಹೋಗುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ಜಡಿಮಳೆ. ಅರೇಬಿಕಾ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕುಯ್ದದ್ದು ಕಣದಲ್ಲಿ ಒಣಗದೆ ಬೂಷ್ಟು ಹಿಡಿಯಿತು.

ಸ್ಪ್ರಿಂಕ್ಲರ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು. ಹತ್ತು ಎಕರೆಯ ತೋಟಕ್ಕೆ ಹತ್ತು ಸಾವಿರ ಲೀಟರಿನ ಟ್ಯಾಂಕರ್ ನೂರು ಸಲ ಬರಬೇಕು, ಬ್ಯಾಕಿಂಗ್‌ಗೆ ಮತ್ತೆ ಅಷ್ಟು. ಸ್ವಂತ ಕೆರೆ ತೋಡಿಸಿಕೊಂಡವರು ಫೆಬ್ರುವರಿಯಲ್ಲೇ ಹೂ ಅರಳಿಸಿಕೊಳ್ಳುತ್ತಾರೆ. ಆದರೆ ನಮ್ಮ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಪ್ಪತ್ತೈದು ಎಕರೆಯೊಳಗಿನ ಸಣ್ಣವರು. ಎರಡು-ಮೂರು ಎಕರೆಯವರೇ ಬಹಳ. ಅವರು ಪಂಪು ಇಡುವುದು ಹಳ್ಳಕ್ಕೆ. ಮೇಲಿನವನು ಎತ್ತಿದರೆ ಕೆಳಗಿನವನಿಗಿಲ್ಲ. ಆ ಹಳ್ಳವೇ ಮುಂದೆ ಹೇಮಾವತಿಗೋ ಕಾವೇರಿಗೋ ಸೇರಿ ಯಾವುದೋ ಊರಿನ ಕುಡಿಯುವ ನೀರಾಗಬೇಕು. ಮೊದಲ ಸುತ್ತು ಹಾಯಿಸಿ ಹೂ ಬಿಡಿಸಿದ ಮೇಲೆ ಹಳ್ಳ ಬತ್ತಿದರಂತೂ ಕಾದು ಕುಳಿತವನಿಗಿಂತ ಅವನ ಪಾಡೇ ಕಷ್ಟ.

ಇನ್ನು ಪರಿಹಾರದ ಮಾತು. ಬೇಸಿಗೆಯ ಗುಡುಗುಮಳೆ ಗುಡ್ಡದ ಈ ಮಗ್ಗುಲಿಗೆ ಒಂದೂವರೆ ಇಂಚು ಕೊಟ್ಟು ಆ ಮಗ್ಗುಲಿಗೆ ಇಪ್ಪತ್ತು ಸೆಂಟು ಚಿಮುಕಿಸಿ ಹೋಗುತ್ತದೆ. ಮಾಪಕ ಇರುವುದು ಪಂಚಾಯಿತಿಗೆ ಒಂದೋ ಎರಡೋ. ಅದು ಒದ್ದೆ ಮಗ್ಗುಲಿನಲ್ಲಿದ್ದರೆ, ಒಣ ಮಗ್ಗುಲಿನವನ ತೋಟಕ್ಕೂ ಕಾಗದದ ಮೇಲೆ ಮಳೆ ಬಂದಂತೆಯೇ. ಅಂಗಳದ ಮಾಪಕದ ಪುಸ್ತಕ ತೋರಿಸೋಣವೆಂದರೆ, ಎರಡು ಎಕರೆಯವನ ಅಂಗಳದಲ್ಲಿ ಅದೂ ಇರುವುದಿಲ್ಲ.