ಅಂಗೈ ಮೇಲಿನ ಗುಡಿಗೆ ಬೀಗ ಬಿದ್ದರೆ ಯಾರಿಗೆ ಗೊತ್ತಾಗುತ್ತೆ?

ಧರ್ಮ ಅಂದ್ರೆ ಜನ ಸೇರಲೇಬೇಕಾ? ಗುಡಿ, ಪೂಜಾರಿ, ತೇರು, ಜಾತ್ರೆ ಇವ್ಯಾವುದೂ ಇಲ್ಲದೆ ಒಬ್ಬನೇ ಕೂತು ಮಾಡಿದ್ದು ಧರ್ಮ ಅನ್ನಿಸಿಕೊಳ್ಳಲ್ವಾ? ಕೆಲವು ದಿನಗಳಿಂದ ಈ ಪ್ರಶ್ನೆ ತಲೆ ಕೊರೀತಾ ಇದೆ. ಆಫೀಸಿನಲ್ಲಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಾಗ ಇಂಥವೇ ಯೋಚನೆಗಳು ಬರೋದು ನೋಡಿ :-)

ಹುಳ ಬಿಟ್ಟಿದ್ದು ಪೇಗನ್ನರ ಬಗ್ಗೆ ಓದಿದ ಒಂದಿಷ್ಟು ವಿಷಯ. ಯೂರೋಪಿನಲ್ಲಿ ಕ್ರೈಸ್ತ ಧರ್ಮಕ್ಕೂ ಮುಂಚೆ ಇದ್ದ ದೇವತೆಗಳನ್ನ, ಋತುಗಳನ್ನ, ಚಂದ್ರನನ್ನ ಪೂಜಿಸೋ ಈ ಕಾಲದ ಜನ ಇವರು. ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ಸುಮಾರು 74 ಸಾವಿರ ಜನ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಇವರಲ್ಲಿ ವಿಕ್ಕಾ ಅನ್ನೋ ಪಂಥವನ್ನ 1950ರ ದಶಕದಲ್ಲಿ ಜೆರಾಲ್ಡ್ ಗಾರ್ಡ್ನರ್ ಪ್ರಚಾರಕ್ಕೆ ತಂದಾಗ ಅದು ಸಣ್ಣ ಸಣ್ಣ ಗುಂಪುಗಳ ಧರ್ಮ. ಗುಂಪಿನವರು ದೀಕ್ಷೆ ಕೊಟ್ಟರೆ ಒಳಗೆ, ಇಲ್ಲದಿದ್ದರೆ ಹೊರಗೆ. 1988ರಲ್ಲಿ ಅಮೆರಿಕದ ಸ್ಕಾಟ್ ಕನಿಂಗ್‌ಹ್ಯಾಮ್ ಒಬ್ಬಂಟಿಯಾಗಿ ಆಚರಿಸೋರಿಗೆ ಅಂತಲೇ ಒಂದು ಕೈಪಿಡಿ ಬರೆದರು. ನಿಮಗೆ ನೀವೇ ದೀಕ್ಷೆ ಕೊಟ್ಟುಕೊಳ್ಳಬಹುದು ಅಂದರು. ಗುಂಪಿಲ್ಲದವರು ಅಸಲಿಯೇ ಅಲ್ಲ ಅನ್ನೋ ತಕರಾರು ಹಳಬರಿಂದ ಬಂತು. ಆದರೂ ಈಗ ಅಮೆರಿಕದ ಪೇಗನ್ನರಲ್ಲಿ ಒಬ್ಬಂಟಿಗರೇ ಹೆಚ್ಚು ಅಂತ ಸಮಾಜಶಾಸ್ತ್ರಜ್ಞೆ ಹೆಲೆನ್ ಬರ್ಗರ್ 2019ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ.

ಓದಿದಾಗ ಅನ್ನಿಸಿದ್ದು ಇಷ್ಟೇ: ತುಮಕೂರು ಸೀಮೆಯವನಿಗೆ ಇದರಲ್ಲಿ ಹೊಸದೇನಿದೆ? ಅವರ ದೇವರು ಬೇರೆ, ದಾರಿ ಬೇರೆ, ಒಪ್ಪಿದೆ. ಆದರೆ ಒಬ್ಬನೇ ಕೂತು ಪೂಜೆ ಮಾಡೋದು ನಮ್ಮಲ್ಲಿ ಎಂಟುನೂರು ವರ್ಷಕ್ಕೂ ಹಳೆಯದು.

ಇಷ್ಟಲಿಂಗ ಪೂಜೆ ನೋಡದವರಿಗಾಗಿ ಎರಡು ಮಾತು. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಲ್ಲಿರೋ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ನೀರು, ಒಂದು ಪತ್ರೆ, ಒಂದು ಹೂವು. ಆಮೇಲೆ ರೆಪ್ಪೆ ಬಡಿಯದ ಹಾಗೆ ಅದನ್ನೇ ನೋಡ್ತಾ ಕೂರೋದು. ಕೊಡೋದು ಗುರು, ಪೂಜಿಸೋದು ನೀವು. ನಡುವೆ ಇನ್ನೊಬ್ಬರಿಗೆ ಜಾಗವೇ ಇಲ್ಲ. ನಿಮ್ಮ ಲಿಂಗವನ್ನ ನಿಮ್ಮ ಹೆಂಡತಿಯೂ ಪೂಜಿಸಲ್ಲ, ಆಕೆಗೆ ಆಕೆಯದೇ ಇರುತ್ತೆ. ಸತ್ತಾಗ ಅದೂ ದೇಹದ ಜೊತೆಗೇ ಸಮಾಧಿ ಸೇರುತ್ತೆ.

ನಮ್ಮ ಜಿಲ್ಲೆಯ ದೊಡ್ಡ ಹೆಸರುಗಳನ್ನೇ ತಗೊಳ್ಳಿ. ಕುಣಿಗಲ್ ತಾಲೂಕಿನ ಕಗ್ಗೆರೆಯ ತೋಟದಲ್ಲಿ ಒಬ್ಬರೇ ತಪಸ್ಸಿಗೆ ಕೂತಿದ್ದಕ್ಕೇ ಸಿದ್ಧಲಿಂಗ ಯತಿಗಳು 'ತೋಂಟದ' ಸಿದ್ಧಲಿಂಗರಾದರು. ಸುತ್ತ ಹುತ್ತ ಬೆಳೆದಿದ್ದೂ ಗೊತ್ತಾಗಲಿಲ್ಲ ಅಂತ ಕಥೆ. ಇವತ್ತು ಅವರ ಸಮಾಧಿ ಇರೋ ಎಡೆಯೂರಿನಲ್ಲಿ ದೊಡ್ಡ ದೇವಸ್ಥಾನ, ಉದ್ದದ ಸಾಲು, ದಾಸೋಹ. ಗುಬ್ಬಿಗೆ ಬಂದರೆ ಚನ್ನಬಸವೇಶ್ವರ ಸ್ವಾಮಿ ಜಾತ್ರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಕೂಡ ಅವರ ಹೆಸರನ್ನೇ ಇಟ್ಟುಕೊಂಡಿತ್ತು. ತೇರು ಎಳೆಯೋದು ತಪ್ಪು ಅಂತ ನಾನು ಹೇಳ್ತಿಲ್ಲ, ಜಾತ್ರೆಯ ಖಾರಾಪುರಿ ನನಗೂ ಇಷ್ಟವೇ. ಆದರೆ ನಾವು ಎಣಿಸೋದು ಬರೀ ತೇರಿನ ಮುಂದಿನ ತಲೆಗಳನ್ನ. ಅಂಗೈಗಳನ್ನ ಯಾರು ಎಣಿಸ್ತಾರೆ?

ಎಣಿಸೋ ಮಾತು ಬಂತಲ್ಲ. 2018ರಲ್ಲಿ ಪ್ರತ್ಯೇಕ ಧರ್ಮದ ಗಲಾಟೆ ಆದಾಗ, ಮತ್ತೆ 2025ರ ಸಮೀಕ್ಷೆಯಲ್ಲಿ, ಧರ್ಮದ ಕಾಲಂನಲ್ಲಿ ಏನು ಬರೆಸಬೇಕು ಅಂತ ಎಷ್ಟು ಚರ್ಚೆ, ಎಷ್ಟು ಫಾರ್ವರ್ಡ್! ಎರಡೂ ಕಡೆ ಜೋರಾಗಿ ಮಾತಾಡಿದ ನನ್ನ ವಯಸ್ಸಿನವರಲ್ಲಿ ಕೊರಳಲ್ಲಿ ಲಿಂಗ ಇದ್ದವರು ಎಷ್ಟು ಜನ? ನನಗೆ ಗೊತ್ತಿರೋ ಗೆಳೆಯರ ಪೈಕಿ ಬಹಳಷ್ಟು ಜನರ ಕರಡಿಗೆ ಊರಲ್ಲಿ ಅಮ್ಮನ ಬೀರುವಿನಲ್ಲಿ ಭದ್ರವಾಗಿದೆ. ಕಾಲಂ ತುಂಬಿದೆ, ಕೊರಳು ಖಾಲಿ.

ನನ್ನ ಚಿಂತೆ ಇರೋದು ಇಲ್ಲೇ. ಊರಿನ ಗುಡಿಗೆ ಬೀಗ ಬಿದ್ದರೆ ಇಡೀ ಊರಿಗೆ ಗೊತ್ತಾಗುತ್ತೆ. ಪೂಜಾರಿ ಬರ್ತಿಲ್ಲ, ಗೋಪುರ ಬಿರುಕು ಬಿಟ್ಟಿದೆ, ಚಂದಾ ಎತ್ತೋಣ ಅಂತ ನಾಲ್ಕು ಜನ ಮುಂದೆ ಬರ್ತಾರೆ. ಒಬ್ಬಂಟಿ ಪೂಜೆ ನಿಂತರೆ ಯಾರಿಗೂ ಗೊತ್ತಾಗಲ್ಲ. ಪಿಜಿ ರೂಮಿನಲ್ಲಿ ಮೂರು ಜನರ ಮಧ್ಯೆ ಕೂರೋಕೆ ನಾಚಿಕೆ, ಆಮೇಲೆ ನೈಟ್ ಶಿಫ್ಟು, ಆಮೇಲೆ ಆನ್‌ಸೈಟು. ಒಂದು ದಿನ ಬಿಟ್ಟಿದ್ದು ವರ್ಷವಾಗುತ್ತೆ. ಹೀಗೆ ಒಂದೊಂದೇ ಮನೆಯಲ್ಲಿ, ಸದ್ದಿಲ್ಲದೆ, ಇಡೀ ಒಂದು ಪದ್ಧತಿ ಹೋಗಿಬಿಡಬಹುದು. ಜಾತ್ರೆ ಮಾತ್ರ ವರ್ಷ ವರ್ಷ ಇನ್ನೂ ಜೋರಾಗಿ ನಡೀತಾ ಇರುತ್ತೆ.

"ಹಾಗಾದ್ರೆ ಗುಂಪಾಗಿ ಮಾಡಿ, ಆಗ ಉಳಿಯುತ್ತೆ" ಅಂತ ಕೆಲವರು ಹೇಳ್ತಾರೆ. ಸಾಮೂಹಿಕ ಇಷ್ಟಲಿಂಗ ಪೂಜೆಗಳೂ ನಡೀತವೆ, ಕಲಿಯೋರಿಗೆ ಒಳ್ಳೆಯದೇ. ಆದರೆ ಸಾವಿರ ಜನ ಒಟ್ಟಿಗೆ ಕೂತರೂ ಪ್ರತಿಯೊಬ್ಬರೂ ನೋಡಬೇಕಾದ್ದು ತಮ್ಮ ಅಂಗೈಯನ್ನೇ ತಾನೇ? ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರನ್ನ ನೆನಪಿಸಿಕೊಳ್ಳಿ. 1941ರಿಂದ 2019ರಲ್ಲಿ ಲಿಂಗೈಕ್ಯರಾಗೋವರೆಗೆ ಮಠದ ಹೊಣೆ ಹೊತ್ತವರು, ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರು. ಹಗಲೆಲ್ಲ ಜನರ ನಡುವೆಯೇ ಇರುತ್ತಿದ್ದ ಅವರ ದಿನ ಶುರುವಾಗ್ತಿದ್ದದ್ದು ಮಾತ್ರ ನಸುಕಿನ ಇಷ್ಟಲಿಂಗ ಪೂಜೆಯಿಂದ. ನೂರು ದಾಟಿದ ಮೇಲೂ ಬಿಡಲಿಲ್ಲ. ಮನೆ ಜವಾಬ್ದಾರಿ, ಆಫೀಸು, ಟೈಮಿಲ್ಲ ಅನ್ನೋ ನಮ್ಮ ನೆಪಗಳಿಗೆ ಅಲ್ಲೇ ಉತ್ತರ ಇದೆ.

ನನ್ನ ಪ್ರಕಾರ ಉಳಿಯೋ ದಾರಿ ಗುಂಪಲ್ಲ, ಮಾತು. ಪೂಜೆ ಒಬ್ಬರೇ ಮಾಡಿ, ಆದರೆ ಅದರ ಬಗ್ಗೆ ಮಾತಾಡಿ. ತೋಟದಲ್ಲಿ ಒಬ್ಬರೇ ಕೂತ ಸಿದ್ಧಲಿಂಗರೂ ಕಂಡದ್ದನ್ನ ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 701 ವಚನಗಳಲ್ಲಿ ಹೇಳಿದರು. ಶರಣರ ಸಂವಾದಗಳನ್ನ ಪೋಣಿಸಿದ ಶೂನ್ಯಸಂಪಾದನೆಯ ನಾಲ್ಕು ಸಂಕಲನಕಾರರಲ್ಲಿ ಒಬ್ಬರು ನಮ್ಮ ಸೀಮೆಯವರೇ, ಗೂಳೂರು ಸಿದ್ಧವೀರಣ್ಣೊಡೆಯ. ಅದೇ ಗ್ರಂಥದಲ್ಲಿ ಮುಕ್ತಾಯಕ್ಕ ಬರ್ತಾಳೆ. ಅವಳ ಅಣ್ಣ ಅಜಗಣ್ಣ ತನ್ನ ಭಕ್ತಿಯನ್ನ ಲೋಕಕ್ಕೆ ತೋರಿಸದ ಗುಪ್ತಭಕ್ತ. ಅವನು ಹೋದ ಮೇಲೆ ಅವಳ ದುಃಖಕ್ಕೆ ಕೊನೆಯಿಲ್ಲ. ಅಲ್ಲಮ ಬಂದು ಅವಳ ಜೊತೆ ವಾದಕ್ಕೇ ಇಳೀತಾನೆ. ಆ ವಾದ ಇಲ್ಲದಿದ್ದರೆ ಅಜಗಣ್ಣ ಅನ್ನೋನೊಬ್ಬ ಇದ್ದ ಅಂತಲಾದರೂ ನಮಗೆ ಗೊತ್ತಾಗ್ತಿತ್ತಾ?

ಹಾಗಾಗಿ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಮಗ ಬೆಂಗಳೂರಿಗೋ ಡಲ್ಲಾಸ್‌ಗೋ ಹೊರಟಾಗ ಚಟ್ನಿಪುಡಿ ಕಟ್ಟಿ ಕೊಡೋ ಹಾಗೆ ಇದನ್ನೂ ಹೇಳಿಕೊಡಿ. ಬರೀ ಕರಡಿಗೆ ಕೊಟ್ಟರೆ ಸಾಲದು, ಅದರ ಮುಂದೆ ಕೂತಾಗ ನಿಮಗೆ ಏನಾಗುತ್ತೆ ಅಂತ ಹೇಳಿ. ನನ್ನಂಥವರಿಗೆ ಇನ್ನೊಂದು ಮಾತು: ಮಾಡೋದಾದರೆ ನಾಚಿಕೆ ಇಲ್ಲದೆ ಮಾಡೋಣ, ರೂಮ್‌ಮೇಟ್ ಕೇಳಿದರೆ ಉತ್ತರ ಹೇಳೋಣ. ನಂಬಿಕೆ ಹೋಗಿದ್ದರೆ ಅದನ್ನೂ ಹೇಳೋಣ. ಬೀರುವಿನಲ್ಲಿಟ್ಟು ಕಾಲಂಗೋಸ್ಕರ ಜಗಳ ಆಡೋದಕ್ಕಿಂತ ಅದು ಎಷ್ಟೋ ಮೇಲು.

ನಿಮ್ಮಲ್ಲಿ ಯಾರಾದರೂ ಹೀಗೆ ಒಬ್ಬರೇ ಕೂತು ಮಾಡೋರು ಇದ್ದೀರಾ? ಯಾವ ದೇವರಾದರೂ ಸರಿ, ದೇವರೇ ಇಲ್ಲದ ಧ್ಯಾನವಾದರೂ ಸರಿ. ಹೇಗೆ ಬಿಡದೆ ನಡೆಸಿಕೊಂಡು ಬರ್ತಿದ್ದೀರಿ, ಬರೀರಿ. ಜಗಳ ಆಡೋದಿದ್ದರೂ ಬನ್ನಿ, ಅಲ್ಲಮನೇ ಆಡಿದ್ದಾನೆ :-)