ಹದಿಮೂರನೆಯ ತಿಂಗಳು

ನಮ್ಮ ಮನೆಯ ಚಾವಡಿಯಲ್ಲಿ ಒಂದು ಟ್ರೆಡ್‌ಮಿಲ್ ಇದೆ. ಸದ್ಯ ಅದರ ಮೇಲೆ ಬಟ್ಟೆ ಒಣಗುತ್ತಿದೆ. ಸಕ್ಕರೆ ಕಾಯಿಲೆಗೆ ದಿನಾ ನಡೆಯಿರಿ ಎಂದರು ಡಾಕ್ಟರು. ಪುತ್ತೂರಿನ ಮಳೆಯಲ್ಲಿ ನಡೆಯುವುದೆಲ್ಲಿ ಎಂದು 62,000 ರೂಪಾಯಿ ತೆತ್ತು ತಂದದ್ದು. ವಾರಂಟಿ ಒಂದು ವರ್ಷ. ಹದಿಮೂರನೆಯ ತಿಂಗಳ ಎರಡನೇ ವಾರ, ನಾನು ಮೇಲಿದ್ದಂತೆಯೇ ಗಕ್ಕನೆ ನಿಂತಿತು. ಹಿಡಿ ಗಟ್ಟಿಯಾಗಿ ಹಿಡಿದಿದ್ದೆ, ಹಲ್ಲು ಉಳಿಯಿತು.

ಮೆಕ್ಯಾನಿಕ್ ಹುಡುಗ ಮುಚ್ಚಳ ಬಿಚ್ಚಿ, "ಬೋರ್ಡ್ ಹೋಗಿದೆ ಸರ್. ಈ ಮಾಡೆಲಿಂದು ಈಗ ಬರುದಿಲ್ಲ, ಹೊಸತು ತೆಗೊಳ್ಳಿ" ಎಂದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿಯವರು ಹೇಳಿದ್ದು ಮಾತ್ರ ತಲೆಗೇರಿತು: "ವಾರಂಟಿ ಮುಗಿದಿದೆಯಲ್ಲ, ಕಾನೂನು ಪ್ರಕಾರ ನಮ್ಮದೇನೂ ಇಲ್ಲ."

ಯಾವ ಕಾನೂನು ಮಾರಾಯರೆ? ವಾರಂಟಿ ಎಂಬುದು ಕಂಪನಿ ತಾನೇ ಬರೆದು ಕೊಟ್ಟ ಚೀಟಿ, ಸಂಸತ್ತು ಮಾಡಿದ ಶಾಸನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೇಳುವುದು ಸರಕಿನಲ್ಲಿ ದೋಷವಿತ್ತೇ ಎಂದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಅವಕಾಶವಿದೆ. ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ತೆತ್ತ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ. ದೋಷವಿತ್ತೆಂದು ತೋರಿಸುವ ಹೊರೆ ನಮ್ಮ ತಲೆಯ ಮೇಲೇ, ನಿಜ. ಆದರೆ ಬಾಗಿಲು ಮುಚ್ಚಿಲ್ಲ.

ಕಾಲಡಿಯ ಬೆಲ್ಟು ಸವೆದಿದ್ದರೆ ನಾನು ಸೊಲ್ಲೆತ್ತುತ್ತಿರಲಿಲ್ಲ. ಚಪ್ಪಲಿ ಸವೆದರೆ ಮಾರಿದವನನ್ನು ಬೈಯುತ್ತೇವೆಯೇ? ಆದರೆ ಯಂತ್ರವೇ ತೋರಿಸಿದ ಲೆಕ್ಕದಂತೆ ನಾನು ನಡೆದದ್ದು 412 ಕಿಲೋಮೀಟರು. ಅಷ್ಟಕ್ಕೇ ಸುಟ್ಟುಹೋಗುವ ಬೋರ್ಡನ್ನು ಸವೆದದ್ದೆಂದು ನಂಬುವುದು ಹೇಗೆ? ಕರೆಂಟಿನ ಏರಿಳಿತ ಎನ್ನುತ್ತಾರೆ. ಅವರೇ ಮಾರಿದ ಸ್ಟೆಬಿಲೈಸರು ಪಕ್ಕದಲ್ಲೇ ಹಸಿರು ದೀಪ ಹಚ್ಚಿಕೊಂಡು ಕೂತಿದೆ. ಇನ್ನು, ವರ್ಷ ಕಳೆಯುವಷ್ಟರಲ್ಲಿ ಬಿಡಿಭಾಗವೇ ಸಿಗದ ಯಂತ್ರವೆಂದಾದರೆ ಆ ಮಾತನ್ನು ಮಾರುವ ದಿನವೇ ಹೇಳಬೇಡವೇ?

ಒಂದು ಸಂಗತಿ ಈಗ ನೆನಪಾಗುತ್ತಿದೆ. ಹನ್ನೊಂದನೆಯ ತಿಂಗಳಲ್ಲಿ ಅವರೇ ಫೋನು ಮಾಡಿ, 6,000 ಕಟ್ಟಿದರೆ ವಾರಂಟಿ ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದಿದ್ದರು. "ಹೊಸ ಯಂತ್ರಕ್ಕೆ ಏನಾಗುತ್ತದೆ?" ಎಂದು ನಾನು ನಕ್ಕಿದ್ದೆ. ಏನಾಗುತ್ತದೆಂದು ಅವರಿಗೆ ಗೊತ್ತಿತ್ತೋ ಏನೋ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ನನ್ನ ಪತ್ರಕ್ಕೆ ಉತ್ತರ ಬಂದಿದೆ: ಹೊಸತು ಕೊಂಡರೆ ನೂರಕ್ಕೆ ಹತ್ತು ರಿಯಾಯಿತಿಯಂತೆ! ದೂರು ಬರೆದಿಟ್ಟಿದ್ದೇನೆ, ನಾಲ್ಕು ಪುಟ. ಜೊತೆಗಿಡಲು ಯಂತ್ರದ ಫೋಟೋ ಒಂದು ತೆಗೆಯಬೇಕು. "ಬಟ್ಟೆ ಒಣಗಲಿ, ಆಮೇಲೆ" ಎಂದಿದ್ದಾಳೆ ಮನೆಯಾಕೆ.