ಹಂಪಿ ಒಂದೇ ದಿನಕ್ಕಾ? (ಭಾಗ 3)

ಬೆಳಿಗ್ಗೆ ಹೊಸಪೇಟೆಗೆ ರೈಲು, ರಾತ್ರಿ ವಾಪಸ್, ನಡುವೆ ಹದಿನಾಲ್ಕು ಜಾಗ. ಕ್ಲಾಸ್ ಗ್ರೂಪಲ್ಲಿ ಓಡಾಡ್ತಿರೋ ಈ ಪ್ಲಾನ್ ನನಗಂತೂ ಒಪ್ಪಿಗೆ ಇಲ್ಲ ಕಣ್ರೋ. ಹೋದ ವರ್ಷ ನಾನೂ ಹಾಗೇ ಓಡಿದ್ದೆ. ಫೋನಲ್ಲಿ ಕಲ್ಲಿನ ರಥದ ಫೋಟೋನೇ ನಲವತ್ತಿದೆ, ಊರು ಮಾತ್ರ ತಲೆಗೆ ಹೋಗ್ಲೇ ಇಲ್ಲ.

ಹಂಪಿ ಬರೀ ದೇವಸ್ಥಾನಗಳ ಪಟ್ಟಿ ಅಲ್ಲ, 1565ರ ತನಕ ವಿಜಯನಗರದ ರಾಜಧಾನಿ. ಅದಕ್ಕೇ ಮೊದಲು ಕಮಲಾಪುರದ ಮ್ಯೂಸಿಯಂಗೆ ಹೋಗಿ. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ. ನದಿ ಎಲ್ಲಿ, ಬೆಟ್ಟ ಎಲ್ಲಿ ಅಂತ ಸುತ್ತ ನಿಂತು ನೋಡಿ. ಆಮೇಲೆ ಮಹಾನವಮಿ ದಿಬ್ಬ ಹತ್ತಿ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಪುಷ್ಕರಣಿ, ಅದಕ್ಕೆ ನೀರು ತರ್ತಿದ್ದ ಕಲ್ಲಿನ ಕಾಲುವೆ ಇನ್ನೂ ಇದೆ. ಅದರ ಪಕ್ಕದಲ್ಲೇ ಸ್ವಲ್ಪ ನಡೀರಿ. ಅಷ್ಟು ದೊಡ್ಡ ಊರು ಹೇಗೆ ಬದುಕ್ತಿತ್ತು ಅಂತ ನನಗೆ ಹೊಳೆದಿದ್ದು ಅಲ್ಲೇ, ಅದೂ ವಾಪಸ್ ಹೊರಡೋ ಹೊತ್ತಿಗೆ!

ಮಧ್ಯಾಹ್ನ ಬಂಡೆ ಕಾದಿರುತ್ತೆ, ಸುಮ್ನೆ ನೆರಳಲ್ಲಿ ಕೂತ್ಕೊಳ್ಳಿ. ಸಂಜೆಗೆ ವಿರೂಪಾಕ್ಷ, ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ. ವಿಠ್ಠಲ ದೇವಸ್ಥಾನ ಮರುದಿನ ಬೆಳಿಗ್ಗೆ. ಅಂಜನಾದ್ರಿ ನದಿಯ ಆಚೆ ದಡ, ಈ ಸಲ ಬಿಡಿ.

ರೂಮಿಗೆ ದುಡ್ಡು ದಂಡ ಅಂತೀರಾ? ಹೊಸಪೇಟೇಲಿ ಉಳ್ಕೊಂಡು ಹಂಚ್ಕೊಳ್ಳೋಣ, ಹಂಪಿಗೆ ಬಸ್ಸಿದೆ. ಮ್ಯೂಸಿಯಂಗೆ ಶುಕ್ರವಾರ ರಜೆ, ಅದು ಬಿಟ್ಟು ಯಾವತ್ತು ಬರ್ತೀರಾ ಕಾಮೆಂಟಲ್ಲಿ ಹೇಳಿ.